ತುಂಬೆ ಎಂಬ ಹೆಸರು, ತುಂಬೆ ಎಂಬ ಗಿಡಗಳು

ತುಂಬೆಯ ಹೂವನ್ನು ಕಾಣದ ಕನ್ನಡಿಗನು ವಿರಳ. ಹೊಲದ ಬದು, ಊರ ಹೊರಗಣ ಬಯಲು, ಕೆರೆಯ ಏರಿ, ದೇವಾಲಯದ ಹಿತ್ತಿಲು, ಇವುಗಳಲ್ಲಿ ಎಲ್ಲಿಯಾದರೂ ಮಳೆಗಾಲದ ಬಳಿಕ ಆ ಗಿಡವು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದರ ಹೂವು ಶಿವಪೂಜೆಗೆ ಸಲ್ಲುವುದೆಂಬುದೂ, ಅದರ ಬಿಳುಪು ಉಪಮಾನಕ್ಕೆ ಒದಗುವುದೆಂಬುದೂ, ಹೂವನ್ನು ಕಿತ್ತು ಬುಡವನ್ನು ಚೀಪಿದರೆ ಒಂದು ಹನಿ ಸಿಹಿ ದೊರೆಯುವುದೆಂಬುದೂ ಹಳ್ಳಿಯ ಮಕ್ಕಳಿಗೂ ತಿಳಿದ ವಿಷಯಗಳು. ಹೀಗಿದ್ದರೂ ಹಳೆಯ ಗ್ರಂಥವೊಂದರಲ್ಲಿ ತುಂಬೆಯೆಂಬ ಮಾತು ಬಂದಾಗ, ಇಲ್ಲವೆ ಸಂಸ್ಕೃತದ ದ್ರೋಣಪುಷ್ಪಿಗೆ ಟೀಕಾಕಾರನು ತುಂಬೆಯೆಂದು ಅರ್ಥ ಬರೆದಾಗ, ಅದು ಯಾವ ಗಿಡವೆಂದು ನಿಶ್ಚಯಿಸುವುದು ತೋರುವಷ್ಟು ಸುಲಭವಲ್ಲ. ತುಂಬೆಯೆಂಬುದು ಒಂದು ಗಿಡದ ಹೆಸರಲ್ಲ; ಒಂದಕ್ಕೊಂದು ಬಹುಮಟ್ಟಿಗೆ ಹೋಲುವ ಹಲವು ಗಿಡಗಳಿಗೆ ಸಮಾನವಾಗಿ ಸಲ್ಲುವ ಹೆಸರು. ಅವುಗಳನ್ನು ಬೇರ್ಪಡಿಸುವ ಗುರುತಾದರೋ ಪೂಜೆಗೆ ಕೀಳುವ ಹೂವಿನಲ್ಲಿಲ್ಲ. ಹೂವನ್ನು ಕಿತ್ತ ಮೇಲೆ ಗಿಡದಲ್ಲಿಯೇ ಉಳಿಯುವ ಬಟ್ಟಲಿನಲ್ಲಿದೆ.

ಈ ವಿಚಾರವನ್ನು ಒಂದು ಸೀಮೆಯನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರ ವರೆಗೂ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಜಿಲ್ಲೆಯ ಪಶ್ಚಿಮಭಾಗವು ಮಲೆನಾಡು. ಶೃಂಗೇರಿಯ ಕಡೆಯ ಮಳೆಕಾಡೂ ಬಾಬಾಬುಡನ್ ಗಿರಿಯ ಹುಲ್ಲುಬೋರೆಗಳೂ ಅಲ್ಲಿಯವು. ಪೂರ್ವಭಾಗವು ಆ ಗಿರಿಗಳ ಮರೆಯಲ್ಲಿ ಬಿದ್ದು ಮಳೆ ಕುಂದಿದ ಬಯಲುಸೀಮೆ. ಕಡೂರು ತಾಲ್ಲೂಕಿನ ಹೋಬಳಿಯಾದ ಸಿಂಗಟಗೆರೆಯು ಈ ಬಯಲಿಗೆ ಸೇರಿದ್ದು. ರಾಗಿ ಜೋಳಗಳ ಹೊಲ, ಕೆರೆಯ ಕೆಳಗಣ ತೆಂಗಿನ ತೋಟ, ಅಲ್ಲಲ್ಲಿ ಕುರುಚಲು ಕಾಡು, ಅಮೃತಮಹಲ್ ದನಗಳಿಗಾಗಿ ಹಿಂದೆ ಕಾದಿಟ್ಟ ಕಾವಲುಗಳು, ಇವು ಈ ಕಡೆಯ ನೆಲದ ರೂಪ. ಇಂಥ ನೆಲವೇ ತುಂಬೆಗೆ ಮೆಚ್ಚಾದದ್ದು. ದಟ್ಟವಾದ ನೆರಳಿನಲ್ಲಿ ಅದು ಬಾಳದು. ಮನುಷ್ಯನ ಕೈ, ದನದ ಗೊರಸು, ನೇಗಿಲಿನ ಗೆರೆ ತಾಗಿದ ಎಡೆಯಲ್ಲಿಯೇ ಸೊಂಪಾಗಿ ಬೆಳೆಯುತ್ತದೆ. ಮಲೆನಾಡಿನ ಅಪೂರ್ವ ಸಸ್ಯಗಳ ಮೇಲೆ ವಿದ್ವಾಂಸರ ಕಣ್ಣು ಹೋದಷ್ಟು ಬಯಲಿನ ಈ ಕಳೆಗಿಡಗಳ ಮೇಲೆ ಹೋಗಿಲ್ಲ. ಕನ್ನಡ ಕವಿಗಳೂ ವೈದ್ಯರೂ ದಿನದಿನವೂ ಕಂಡದ್ದು ಬಹುಮಟ್ಟಿಗೆ ಈ ಕಳೆಗಳನ್ನೇ ಎಂಬುದನ್ನು ಮರೆಯಲಾಗದು.

ಮೊದಲು ತುಂಬೆಯೆಂಬ ಹೆಸರನ್ನು ಹೊತ್ತೂ ತುಂಬೆಯಲ್ಲದ ಗಿಡಗಳನ್ನು ಬದಿಗಿಡಬೇಕು. ಇವುಗಳಲ್ಲಿ ಕತ್ತೆತುಂಬೆಯು ಮುಖ್ಯವಾದದ್ದು. ಸಸ್ಯಶಾಸ್ತ್ರಜ್ಞರು ಇದನ್ನು ಟ್ರೈಕೊಡೆಸ್ಮಾ ಇಂಡಿಕಮ್ ಎಂದು ಕರೆಯುತ್ತಾರೆ. ಇದು ತುಂಬೆಯ ಬಂಧುವೇ ಅಲ್ಲ. ತುಂಬೆಯು ತುಳಸಿಯ ಕುಟುಂಬಕ್ಕೆ ಸೇರಿದ್ದಾದರೆ ಇದು ಬೇರೊಂದು ಕುಟುಂಬದ್ದು. ತುಂಬೆಯ ಕಾಂಡವು ನಾಲ್ಕು ಮೂಲೆಯದು. ಬೆರಳುಗಳ ನಡುವೆ ಉರುಳಿಸಿದರೆ ಮೂಲೆಗಳು ತಾಗುತ್ತವೆ. ಕತ್ತೆತುಂಬೆಯ ಕಾಂಡವು ದುಂಡು, ಮುಟ್ಟಿದರೆ ಚುಚ್ಚುವ ಒರಟು ಕೂದಲಿನದು. ಅದರ ಹೂವಿಗೆ ತುಟಿಗಳಿಲ್ಲ. ಐದು ಎಸಳುಗಳು ಸಮವಾಗಿ ಹರಡಿ, ತಿಳಿನೀಲಿಯಾಗಿಯೋ ನಸುಗೆಂಪಾಗಿಯೋ ಕಂಡು, ನೆಲದ ಕಡೆಗೆ ಮುಖಮಾಡಿ ಜೋಲುತ್ತವೆ. ಸಂಸ್ಕೃತ ನಿಘಂಟುಗಳ ಅಧಃಪುಷ್ಪಿಯನ್ನು ಈ ಗಿಡವೆಂದೇ ಗುರುತಿಸುವುದು ವಾಡಿಕೆ; ಹೆಸರು ರೂಪಕ್ಕೆ ಚೆನ್ನಾಗಿ ಒಪ್ಪುತ್ತದೆ.

ಕರಿತುಂಬೆಯು ಹಾಗಲ್ಲ, ಅದು ತುಳಸಿಯ ಕುಟುಂಬದ್ದೇ. ಅನಿಸೊಮಿಲಿಸ್ ಮಲಬಾರಿಕಾ ಎಂಬ ಈ ಗಿಡವು ಆಳುದ್ದದವರೆಗೂ ಬೆಳೆಯಬಲ್ಲ ಪೊದೆ. ಎಲೆ ದಪ್ಪ, ಅದರ ಕೆಳಮೈ ಬಿಳಿಯ ಉಣ್ಣೆಯನ್ನು ಅಂಟಿಸಿದಂತೆ, ಉಜ್ಜಿದರೆ ಘಾಟುವಾಸನೆ. ಹೂವು ಬಿಳುಪಲ್ಲ, ನಸುನೇರಳೆ.

ಕನ್ನಡದ ಹಳ್ಳಿಗರು ಹೆಸರಿಡುವ ಕ್ರಮವನ್ನು ಇಲ್ಲಿ ಗಮನಿಸತಕ್ಕದ್ದು. ಸಾಸಿವೆಯನ್ನು ಹೋಲುವ ಆದರೆ ಸಾಸಿವೆಯಲ್ಲದ ಕಳೆಯು ನಾಯಿಸಾಸಿವೆ. ಹರಳನ್ನು ಹೋಲುವ ಬೇಲಿಗಿಡವು ಕಾಡುಹರಳು. ನಾಯಿ, ಕತ್ತೆ, ಕಾಡು ಎಂಬ ಪೂರ್ವಪದಗಳು ‘ಇದು ಅದರಂತೆ, ಆದರೆ ಅದಲ್ಲ’ ಎಂಬ ಅರ್ಥವನ್ನು ಕೊಡುತ್ತವೆ. ಆದುದರಿಂದ ಕತ್ತೆತುಂಬೆಯೆಂಬ ಹೆಸರನ್ನು ತುಂಬೆಯ ಒಂದು ಜಾತಿಯೆಂದು ತಿಳಿದರೆ ಹಳ್ಳಿಗನ ಮಾತನ್ನು ತಿರುವುಮುರುವಾಗಿ ಗ್ರಹಿಸಿದಂತಾಗುತ್ತದೆ. ಅವನು ಅದನ್ನು ತುಂಬೆಯಿಂದ ಬೇರ್ಪಡಿಸಲೆಂದೇ ಆ ಹೆಸರಿಟ್ಟನು. ಕೋಶಕಾರರು ಈ ಸೂಕ್ಷ್ಮವನ್ನು ಹಲವು ವೇಳೆ ಕಡೆಗಣಿಸಿದ್ದಾರೆ.

ಇನ್ನು ನಿಜವಾದ ತುಂಬೆಗಳ ವಿಚಾರ. ಹಳೆಯ ಸಸ್ಯಶಾಸ್ತ್ರಜ್ಞರು ಇವುಗಳನ್ನು ಫ್ಲೋಮಿಸ್ ಎಂಬ ಗಣದಲ್ಲಿ ಸೇರಿಸಿದ್ದರು. 1810ರಲ್ಲಿ ರಾಬರ್ಟ್ ಬ್ರೌನ್ ಎಂಬ ವಿದ್ವಾಂಸನು ಇವುಗಳಿಗೆ ಲ್ಯೂಕಾಸ್ ಎಂಬ ಬೇರೆ ಗಣವನ್ನು ಕಲ್ಪಿಸಿದನು. ಬಿಳುಪೆಂಬ ಅರ್ಥದ ಗ್ರೀಕ್ ಶಬ್ದವೇ ಈ ಹೆಸರಿಗೆ ಮೂಲ. ಹಳೆಯ ಸಂಸ್ಕೃತ ಕೋಶಗಳಲ್ಲಿ ದ್ರೋಣಪುಷ್ಪಿಗೆ ಫ್ಲೋಮಿಸ್ ಎಂಬ ಹೆಸರೂ ಹೊಸ ಗ್ರಂಥಗಳಲ್ಲಿ ಲ್ಯೂಕಾಸ್ ಎಂಬ ಹೆಸರೂ ಕಾಣಬರುವುದಕ್ಕೆ ಇದೇ ಕಾರಣ. ಎರಡು ಗಿಡಗಳೆಂದು ಓದುಗನು ಭ್ರಮಿಸಬೇಕಾಗಿಲ್ಲ. ಲ್ಯೂಕಾಸ್ ಗಣದಲ್ಲಿ ಸುಮಾರು 100 ಜಾತಿಗಳಿವೆ. ಅವು ಏಷ್ಯಾ ಆಫ್ರಿಕಾ ಖಂಡಗಳಲ್ಲಿ ಹರಡಿವೆ. ಭಾರತದ ಜಾತಿಗಳನ್ನು 1885ರಲ್ಲಿ ಹೂಕರನು ತನ್ನ ಬ್ರಿಟಿಷ್ ಇಂಡಿಯಾ ಸಸ್ಯಗ್ರಂಥದ ನಾಲ್ಕನೆಯ ಸಂಪುಟದಲ್ಲಿ ವಿವರಿಸಿದನು. 2001ರಲ್ಲಿ ವಿ. ಸಿಂಗ್ ಅವರು ಅವುಗಳನ್ನು ಕುರಿತು ಪ್ರತ್ಯೇಕ ಪ್ರಬಂಧವನ್ನೇ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲಿ ದ್ರೋಣಪುಷ್ಪಿಯೆಂಬ ಶಬ್ದವು ಇಡೀ ಗಣಕ್ಕೆ ಹೆಸರಾಗಿ ಬಂದಿದೆ. ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತನ್ನು ತಿಳಿಯುವುದಕ್ಕೆ ಯೋಗನರಸಿಂಹನ್, ಸುಬ್ರಹ್ಮಣ್ಯಮ್, ರಜಿ ಎಂಬ ಮೂವರು 1981ರಲ್ಲಿ ಹೊರತಂದ ಗ್ರಂಥವು ಆಧಾರವಾಗಿದೆ.

ತುಂಬೆಯ ಹೂವನ್ನು ಅಂಗೈಯಲ್ಲಿಟ್ಟು ನೋಡಿದರೆ ಎರಡು ತುಟಿಗಳು ಕಾಣುತ್ತವೆ. ಮೇಲಿನ ತುಟಿಯು ಕುಲಾವಿಯಂತೆ ಬಾಗಿ, ಬಿಳಿಯ ನವಿರಾದ ಕೂದಲಿನಿಂದ ತುಂಬಿ, ನಾಲ್ಕು ಕೇಸರಗಳನ್ನು ತನ್ನ ಅಡಿಯಲ್ಲಿ ಅಡಗಿಸಿಕೊಂಡಿರುತ್ತದೆ. ಕೆಳಗಿನ ತುಟಿಯು ಅಗಲ. ಅದರ ನಡುವಣ ಸೀಳು ದೊಡ್ಡದಾಗಿ ಮುಂದಕ್ಕೆ ಚಾಚಿ, ಬರುವ ದುಂಬಿಗೆ ಜಗಲಿಯಂತೆ ಒದಗುತ್ತದೆ. ಈ ರಚನೆಯು ಬಯಲಿನ ತುಂಬೆಗಳಲ್ಲಿ ಹೆಚ್ಚುಕಡಮೆ ಒಂದೇ. ಗಾತ್ರದಲ್ಲಿ ಸ್ವಲ್ಪ ಅಂತರವುಂಟೇ ಹೊರತು, ಉದುರಿ ಬಿದ್ದ ಒಂದು ಹೂವನ್ನು ಮಾತ್ರ ಕೊಟ್ಟು ಇದು ಯಾವ ತುಂಬೆಯೆಂದು ಕೇಳಿದರೆ ಪಳಗಿದ ಸಸ್ಯಜ್ಞನೂ ಹಿಂದೆಮುಂದೆ ನೋಡುವನು.

ಆ ಬಿಳಿಯ ಹೂವು ಯಾವ ಹಸಿರು ಕೊಳವೆಯಿಂದ ಹೊರಟಿತೋ ಅದಕ್ಕೆ ಪುಷ್ಪಪಾತ್ರೆಯೆಂದು ಹೆಸರು. ಬಿಳಿಯ ಭಾಗವು ಸ್ವಲ್ಪ ಎಳೆದರೆ ಸಾಕು, ಜಾರಿ ಬರುತ್ತದೆ. ಪುಷ್ಪಪಾತ್ರೆಯು ಬೀಜ ಬಲಿಯುವ ತನಕ, ಗಿಡ ಒಣಗಿದ ಮೇಲೂ ಗೊಂಚಲಿನಲ್ಲಿ ಉಳಿಯುತ್ತದೆ. ಅದರ ತಳದಲ್ಲಿ ನಾಲ್ಕು ಕಿರಿಯ ಬೀಜಗಳಿರುತ್ತವೆ. ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡದಲ್ಲಿ ಹೂವು ಮುದುರಿ ರೂಪಗೆಡುವುದು, ಪಾತ್ರೆಯು ಕೆಡದು. ಸಸ್ಯಶಾಸ್ತ್ರಜ್ಞರು ಜಾತಿಭೇದಕ್ಕೆ ಪಾತ್ರೆಯ ಬಾಯನ್ನೇ ಆಧಾರವಾಗಿ ಹಿಡಿದದ್ದು ಸಹಜವೇ ಆಗಿದೆ.

ಸಿಂಗಟಗೆರೆಯಂಥ ಬಯಲೂರಿನ ಹೊಲಗಳಲ್ಲಿ, ರಾಗಿಯ ಕೊಯ್ಲು ಮುಗಿದ ಕೂಳೆಯ ನಡುವೆ ಮೊಟ್ಟಮೊದಲು ಎದುರಾಗುವುದು ಲ್ಯೂಕಾಸ್ ಆಸ್ಪೆರಾ. ಆಸ್ಪೆರಾ ಎಂದರೆ ಒರಟಾದದ್ದು. 1822ರಲ್ಲಿ ಲಿಂಕ್ ಎಂಬುವನು ಇದನ್ನು ಫ್ಲೋಮಿಸ್‌ನಿಂದ ಲ್ಯೂಕಾಸ್‌ಗೆ ತಂದನು. ಗೇಣುದ್ದದಿಂದ ಎರಡಡಿಯವರೆಗೆ ಬೆಳೆಯುವ ಈ ಗಿಡದ ಕಾಂಡವು ಮುಳ್ಳುಗೂದಲಿನಿಂದ ಒರಟು. ಹೂಗಳು ಕಾಂಡದ ಗಿಣ್ಣುಗಳಲ್ಲಿಯೂ ತುದಿಯಲ್ಲಿಯೂ ಚೆಂಡುಕಟ್ಟಿ ನಿಲ್ಲುತ್ತವೆ. ಪುಷ್ಪಪಾತ್ರೆಯು 8ರಿಂದ 13 ಮಿಲಿಮೀಟರ್ ಉದ್ದ, ಸ್ವಲ್ಪ ಬಾಗಿದ ಕೊಳವೆ. ಅದರ ಕೆಳಗಿನ ಅರ್ಧವು ನಯವಾಗಿ ತೆಳುಪೊರೆಯಂತೆ ಇರುವುದು. ಮೇಲಿನ ಅರ್ಧದಲ್ಲಿ ಗೆರೆಗಳು ಉಬ್ಬಿ ಮುಳ್ಳುಗೂದಲು ಎದ್ದಿರುವುದು. ಒಂದೇ ಕೊಳವೆಯಲ್ಲಿ ಕೆಳಗೆ ರೇಷ್ಮೆ, ಮೇಲೆ ಕಂಬಳಿ ಎಂದರೆ ಸಲ್ಲುತ್ತದೆ. ಬಾಯಿ ಕಿರಿದು, ಓರೆ; ಮೇಲಂಚು ಮುಂದಕ್ಕೆ ಚಾಚಿದೆ. ಬಾಯಂಚಿನ ಹಲ್ಲುಗಳು ಚಿಕ್ಕವು, ಮೂರುಮೂಲೆಯವು, ಅವುಗಳಲ್ಲಿ ಮೇಲಿನದು ದೊಡ್ಡದು. ಹೂಗಳ ನಡುನಡುವೆ ಇರುವ ಕಿರಿಯ ಎಲೆಗಳು, ಅಂದರೆ ಉಪಪತ್ರಗಳು, ದಾರದಂತೆ ಕಿರಿದಾಗಿ, ಅಂಚಿನಲ್ಲಿ ನೀಳವಾದ ಕೂದಲನ್ನು ಪಡೆದು, ಪಾತ್ರೆಯಷ್ಟೇ ಉದ್ದವಾಗಿರುತ್ತವೆ.

ಇದಕ್ಕೆ ತೀರ ಹತ್ತಿರದ್ದು ಲ್ಯೂಕಾಸ್ ಲಾವೆಂಡ್ಯುಲಿಫೋಲಿಯಾ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಲ್ಯೂಕಾಸ್ ಲಿನಿಫೋಲಿಯಾ ಎಂಬ ಹೆಸರಿತ್ತು. ಇವೆರಡನ್ನು ಒಂದೆಂದೇ ಭಾವಿಸಿದವರು ಅನೇಕರು. ಗಿಡದ ಮೈ ಒರಟಲ್ಲ, ಮಣ್ಣುಬೂದಿಯ ಛಾಯೆಯ ನುಣ್ಣನೆಯ ರೋಮದಿಂದ ಕೂಡಿದ್ದು. ಎಲೆ ನೀಳ, ಬಹಳ ಕಿರಿದು. ಆದರೆ ನಂಬತಕ್ಕ ಗುರುತೆಂದರೆ ಪಾತ್ರೆಯೇ. ಇಲ್ಲಿ ಕೊಳವೆಗೆ ಮುಳ್ಳುಗೂದಲಿಲ್ಲ. ಬಾಯಿಯ ಓರೆಯಾದರೋ ಆಸ್ಪೆರಾದ್ದಕ್ಕಿಂತ ಬಹಳ ಹೆಚ್ಚು: ಕೆಳಂಚಿನಲ್ಲಿ ಹಲ್ಲುಗಳು ಇವೆಯೋ ಇಲ್ಲವೋ ಎಂಬಷ್ಟು ಚಿಕ್ಕವಾಗಿ, ಮೇಲಂಚು ಮಾತ್ರ ಉದ್ದವಾದ ನಾಲಗೆಯಂತೆ ಹೊರಚಾಚಿ, ಇಡೀ ಪಾತ್ರೆಯು ಹರಳೆಣ್ಣೆ ಕುಡಿಸುವ ಒಳಲೆಯ ಮೂತಿಯನ್ನು ನೆನಪಿಗೆ ತರುತ್ತದೆ.

ಮೂರನೆಯದು ಲ್ಯೂಕಾಸ್ ಸೆಫಲೋಟಿಸ್. ಇದನ್ನು ಒಮ್ಮೆ ಸರಿಯಾಗಿ ಕಂಡವನು ಮತ್ತೆ ಮರೆಯನು. ಗಿಡವು ಬಲಿಷ್ಠ, ಎಲೆ ಅಗಲ. ಹೂಗಳು ಮುಖ್ಯವಾಗಿ ಕಾಂಡದ ತುದಿಯಲ್ಲಿ ಎರಡು ಅಂಗುಲದವರೆಗೂ ದಪ್ಪವಾದ ಗುಂಡು ಚೆಂಡಾಗಿ ಕೂಡಿರುತ್ತವೆ. ಉಪಪತ್ರಗಳು ದಾರದಂತಲ್ಲ, ಎಲೆಯಂತೆಯೇ ಅಗಲವಾಗಿ, ಮನೆಯ ಹಂಚುಗಳ ಹಾಗೆ ಒಂದರ ಮೇಲೊಂದು ಹೊದಿಸಿಕೊಂಡಿರುತ್ತವೆ. ಆಸ್ಪೆರಾದ ಚೆಂಡು ಕೂದಲುಗೂದಲಾಗಿ ಕಂಡರೆ ಇದರ ಚೆಂಡು ಎಲೆಯೆಲೆಯಾಗಿ ಕಾಣುವುದು. ಪಾತ್ರೆಯ ಹಲ್ಲುಗಳು ಅತಿ ಸಣ್ಣವು. ಉತ್ತರದೇಶದಲ್ಲಿ ಹಿಂದಿಯವರು ಗೂಮಾ ಎನ್ನುವುದು ಈ ಗಿಡವನ್ನೇ.

ಉಳಿದವುಗಳಲ್ಲಿ ಲ್ಯೂಕಾಸ್ ಬೈಫ್ಲೋರಾ ನೆಲಕ್ಕೆ ಒರಗಿ ಹಬ್ಬುತ್ತ ಗಿಣ್ಣಿಗೆ ಎರಡೇ ಹೂಗಳನ್ನು ಬಿಡುವುದರಿಂದ ಸಂಶಯಕ್ಕೆ ಎಡೆಗೊಡದು. ಲ್ಯೂಕಾಸ್ ಸಿಲಿಯೇಟಾ ಪಶ್ಚಿಮಘಟ್ಟದ ಎತ್ತರದ ನೆಲೆಗಳದ್ದು. ಅದರ ಪಾತ್ರೆಯ ಬಾಯಿ ಓರೆಯಲ್ಲ, ನೆಟ್ಟಗೆ, ಹಲ್ಲುಗಳು ಸೂಜಿಯಂತೆ ಉದ್ದವಾಗಿ ನಕ್ಷತ್ರದ ಕಿರಣಗಳಂತೆ ಹರಡಿರುತ್ತವೆ.

ಎಲೆಯ ಅಗಲವನ್ನು ನೋಡಿ ನಿರ್ಣಯಿಸುವುದು ಅಪಾಯಕರ. ಒಂದೇ ಆಸ್ಪೆರಾ ತೋಟದ ಕಾಲುವೆಯ ಬದಿಯಲ್ಲಿ ನೀರುಂಡು ಬೆಳೆದಾಗ ಅಗಲವಾದ ಎಲೆಯನ್ನೂ, ಕಾವಲಿನ ಗಟ್ಟಿನೆಲದಲ್ಲಿ ಬಾಡುತ್ತ ಬೆಳೆದಾಗ ಕಡ್ಡಿಯಂಥ ಎಲೆಯನ್ನೂ ಬಿಡುತ್ತದೆ. ಎಲೆಯಂಚಿನ ಕಚ್ಚುಗಳೂ ಒಮ್ಮೆ ಇರುತ್ತವೆ, ಒಮ್ಮೆ ಇರುವುದಿಲ್ಲ. ವಸ್ತುಸ್ಥಿತಿ ಹೀಗಿರುವಾಗ ದೀರ್ಘಪತ್ರಾ ಎಂಬ ಪರ್ಯಾಯನಾಮವೊಂದನ್ನೇ ಹಿಡಿದುಕೊಂಡು ನಿಘಂಟಿನ ಗಿಡವನ್ನು ಗುರುತಿಸಹೊರಟವರ ಶ್ರಮವು ಬಹುಮಟ್ಟಿಗೆ ವ್ಯರ್ಥವೆನ್ನಬೇಕು.

ಈಗ ಸಂಸ್ಕೃತ ನಾಮಗಳ ಕಡೆಗೆ ತಿರುಗಬಹುದು. 16ನೆಯ ಶತಮಾನದ ಭಾವಪ್ರಕಾಶದಲ್ಲಿ ದ್ರೋಣಾ, ದ್ರೋಣಪುಷ್ಪೀ, ಫಲೇಪುಷ್ಪಾ ಎಂಬ ಹೆಸರುಗಳು ಬಂದಿವೆ. ನರಹರಿಯ ರಾಜನಿಘಂಟು ಇದಕ್ಕೆ ಕುಂಭಯೋನಿ ಎಂಬ ಹೆಸರನ್ನೂ ಕೊಡುತ್ತದೆ. ದ್ರೋಣವೆಂದರೆ ಮರದ ತೊಟ್ಟಿ, ಅಳತೆಯ ಕೊಳಗ. ಅದೇ ಧಾತುವಿನ ದ್ರೋಣಿಯೇ ಕನ್ನಡದಲ್ಲಿ ದೋಣಿಯಾಯಿತು. ಕುಂಭದಿಂದ ಹುಟ್ಟಿದವನು ಅಗಸ್ತ್ಯ, ದ್ರೋಣದಿಂದ ಹುಟ್ಟಿದವನು ದ್ರೋಣಾಚಾರ್ಯ. ಈ ಗಿಡದಲ್ಲಿ ಅಂಥ ಪಾತ್ರೆಯಿಂದ ಹುಟ್ಟುವುದು ಹೂವು. ದ್ರೋಣಪುಷ್ಪವೆಂಬುದಕ್ಕೆ ಮೇಲ್ತುಟಿಯ ಕುಲಾವಿಯಾಕಾರವೇ ಕಾರಣ, ಅದು ಕವುಚಿಹಾಕಿದ ದೋಣಿಯಂತಿದೆ ಎಂದು ವಾದಿಸುವುದಕ್ಕೆ ಅವಕಾಶವಿಲ್ಲದಿಲ್ಲ. ಆದರೆ ಕುಂಭಯೋನಿ ಎಂಬ ಹೆಸರು ಆ ವಾದಕ್ಕೆ ಒಗ್ಗದು. ಹೂವೇ ಕುಂಭವಾಗಿದ್ದರೆ ಅದು ಕುಂಭದಿಂದ ಹುಟ್ಟಿದ್ದೆಂದು ಹೇಳುವಂತಿಲ್ಲ.

ಫಲೇಪುಷ್ಪಾ ಎಂಬ ಹೆಸರು ಇನ್ನೂ ಬಲವಾದ ಸಾಕ್ಷಿ. ಸಪ್ತಮಿಯು ಲೋಪವಾಗದೆ ಉಳಿದ ಅಲುಕ್ ಸಮಾಸವಿದು; ಕಾಯಿಯಲ್ಲಿ ಹೂವುಳ್ಳದ್ದು ಎಂದರ್ಥ. ಲೋಕದ ಕ್ರಮವು ಹೂವಿನಿಂದ ಕಾಯಿಯೆಂದು. ತುಂಬೆಯ ಚೆಂಡನ್ನು ದೂರದಿಂದ ನೋಡಿದವನಿಗಾದರೋ ಹಸಿರಾದ ಗುಂಡು ಕಾಯಿಯೊಂದರ ಮೈಯಿಂದ ಬಿಳಿಯ ಹೂಗಳು ಅಲ್ಲೊಂದು ಇಲ್ಲೊಂದು ಹೊರಟಂತೆ ಕಾಣುತ್ತದೆ. ಆ ಕಾಯಿಯೆಂಬುದು ಪುಷ್ಪಪಾತ್ರೆಗಳ ಗುಂಪಲ್ಲದೆ ಬೇರೆಯಲ್ಲ. ಹೀಗೆ ನಿಘಂಟುಕಾರರ ಕಣ್ಣು ಬಿಳಿಯ ಹೂವಿನ ಮೇಲಲ್ಲ, ಅದರ ಬಟ್ಟಲಿನ ಮೇಲೆ ನೆಟ್ಟಿತ್ತೆಂದು ಊಹಿಸುವುದು ಯುಕ್ತ. ಸಸ್ಯಶಾಸ್ತ್ರಜ್ಞರು ಪರಕಲೆಯ ಸಹಾಯದಿಂದ ಹುಡುಕಿ ಹಿಡಿದ ಗುರುತಿನ ಎಡೆಯನ್ನು ಅವರು ಬರಿಗಣ್ಣಿನಿಂದಲೇ ಕಂಡಿದ್ದರು. ಆದರೆ ಬಟ್ಟಲು ಬಟ್ಟಲಿಗೂ ಇರುವ ಭೇದವನ್ನು ಅವರು ಹೇಳಲಿಲ್ಲ. ರಾಜನಿಘಂಟು ಮಹಾದ್ರೋಣಿಯೆಂಬ ಬೇರೊಂದು ಬಗೆಯನ್ನು ಎಣಿಸಿದೆಯಾಗಿ, ಒಂದಕ್ಕಿಂತ ಹೆಚ್ಚು ತುಂಬೆಗಳುಂಟೆಂಬ ಅರಿವು ಆ ಕಾಲಕ್ಕೇ ಇತ್ತೆಂಬುದು ಮಾತ್ರ ನಿಶ್ಚಯ.

ಕನ್ನಡದ ದೃಷ್ಟಿ ಇದಕ್ಕಿಂತ ಬೇರೆ. ತುಂಬೆಯೆಂಬ ಶಬ್ದವು ದ್ರಾವಿಡಭಾಷೆಗಳ ಸಮಾನ ಸ್ವತ್ತು: ತಮಿಳಿನ ತುಂಬೈ, ಮಲಯಾಳದ ತುಂಬ, ತೆಲುಗಿನ ತುಮ್ಮಿ ಇವೆಲ್ಲ ಒಂದೇ ಬಳ್ಳಿಯವು. ತಮಿಳರ ತೊಲ್ಕಾಪ್ಪಿಯದಲ್ಲಿ ತುಂಬೈ ಎಂಬುದು ಯುದ್ಧವಸ್ತುವಿನ ಒಂದು ತಿಣೆಗೆ ಹೆಸರಾಗಿದೆ. ಸಮರಕ್ಕೆ ಇಳಿದ ವೀರರು ಮುಡಿದ ಹೂವದು. ಕೇರಳದಲ್ಲಿ ಓಣಂ ಹಬ್ಬದ ಹೂರಂಗವಲ್ಲಿಗೆ ಅದು ಬೇಕು. ಕನ್ನಡನಾಡಿನಲ್ಲಿ ಅದು ಶಿವನ ಹೂವು. ಈ ಮೂರು ಎಡೆಗಳಲ್ಲಿಯೂ ಹೂವನ್ನು ಗಿಡದಿಂದ ಬಿಡಿಸಿ ತಂದೇ ಬಳಸುತ್ತಾರೆ. ಶಿವರಾತ್ರಿಯಂದು ತುಂಬೆಹೂವನ್ನು ಬಿಡಿಸುವ ಭಕ್ತನು ಬಿಳಿಯ ಭಾಗವನ್ನು ಮಾತ್ರ ಎಳೆದುಕೊಂಡು, ಬಟ್ಟಲನ್ನು ಗಿಡದಲ್ಲಿಯೇ ಬಿಡುತ್ತಾನೆ; ಅಂದರೆ ಎಲ್ಲ ತುಂಬೆಗಳಲ್ಲಿಯೂ ಒಂದೇ ಆಗಿರುವುದನ್ನು ಕೊಂಡುಹೋಗಿ, ಅವುಗಳನ್ನು ಬೇರ್ಪಡಿಸುವುದನ್ನು ಹಿಂದುಳಿಸುತ್ತಾನೆ. ಪೂಜೆಗೆ ಬೇಕಾದದ್ದು ಬಿಳುಪು. ಆ ದೃಷ್ಟಿಯಿಂದ ಎಲ್ಲವೂ ತುಂಬೆಯೇ. ಕನ್ನಡವು ಇವುಗಳಿಗೆಲ್ಲ ಒಂದೇ ಹೆಸರನ್ನಿಟ್ಟುಕೊಂಡದ್ದು ಅಜ್ಞಾನದಿಂದಲ್ಲ, ಬಳಕೆಯ ಕಾರಣದಿಂದ ಎನ್ನಬಹುದು.

ಕಾವ್ಯದ ಓದಿಗೆ ಇದರಿಂದ ಬಾಧೆಯಿಲ್ಲ. ಭಕ್ತಿಕಾವ್ಯದ ತುಂಬೆಗೆ ‘ಶಿವನಿಗೆ ಪ್ರಿಯವಾದ ಬಿಳಿಯ ಕಿರುಹೂ’ ಎಂದು ಟಿಪ್ಪಣಿ ಬರೆದರೆ ಸಾಕು. ಲ್ಯಾಟಿನ್ ಹೆಸರೊಂದನ್ನು ಪಕ್ಕದಲ್ಲಿ ಬರೆದರೆ ಕವಿಯು ಹೇಳದ್ದನ್ನು ಹೇಳಿದಂತಾಗುವುದು. ಆದರೆ ತುಂಬೆಯನ್ನು ತುಂಬಿಯೊಡನೆ ಬೆರೆಸುವುದು ಕ್ಷಮಾರ್ಹವಲ್ಲ. ಕನ್ನಡದ ತುಂಬಿಯು ದುಂಬಿ. ಸಂಸ್ಕೃತದ ತುಂಬೀ ಸೋರೆಬಳ್ಳಿ. ಓಲೆಯ ಪ್ರತಿಗಳಲ್ಲಿ ಎಕಾರ ಇಕಾರಗಳು ಪರಸ್ಪರ ಬದಲಾಗುವುದು ಅಪೂರ್ವವಲ್ಲ. ಹೂವನ್ನು ಹೇಳುವ ಸಂದರ್ಭದಲ್ಲಿ ದುಂಬಿಯೂ ಹತ್ತಿರದಲ್ಲಿಯೇ ಸುಳಿಯುವುದರಿಂದ ಪಾಠನಿರ್ಣಯಕ್ಕೆ ಅರ್ಥವೊಂದೇ ಸಾಲದು, ಛಂದಸ್ಸನ್ನೂ ಬೇರೆ ಪ್ರತಿಗಳನ್ನೂ ನೋಡಬೇಕಾಗುತ್ತದೆ.

ವೈದ್ಯಗ್ರಂಥಗಳ ಮಾತು ಬೇರೆ. 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವೇ ಮೊದಲಾದ ವಿಷವೈದ್ಯ ಗ್ರಂಥಗಳಲ್ಲಿ ಸಸ್ಯನಾಮಗಳು ಅಲಂಕಾರಕ್ಕಾಗಿ ಬಂದವಲ್ಲ. ಹೆಸರು ತಪ್ಪಿದರೆ ಔಷಧವೇ ತಪ್ಪಿತು. ಉತ್ತರದ ಗ್ರಂಥಕಾರನು ದ್ರೋಣಪುಷ್ಪಿಯೆಂದಾಗ ಅವನ ಕಣ್ಣ ಮುಂದಿದ್ದದ್ದು ಬಹುಶಃ ಎಲೆಯೆಲೆಯಾದ ಚೆಂಡಿನ ಸೆಫಲೋಟಿಸ್. ಅದಕ್ಕೆ ತುಂಬೆಯೆಂದು ಕನ್ನಡಿಸಿದ ಟೀಕಾಕಾರನ ಹಿತ್ತಿಲಲ್ಲಿದ್ದದ್ದು ಕೂದಲುಗೂದಲಾದ ಆಸ್ಪೆರಾ. ಭಾಷಾಂತರವು ಶಬ್ದಮಟ್ಟದಲ್ಲಿ ಸರಿ. ವಸ್ತುಮಟ್ಟದಲ್ಲಿ ಗಿಡವು ಬದಲಾಯಿತು. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವುದಕ್ಕೆ ಮುನ್ನ ಪರೀಕ್ಷೆ ಬೇಕು. ತುಂಬೆಯ ರಸವು ಹಾವಿನ ವಿಷವನ್ನು ಇಳಿಸುವುದೆಂಬ ನಂಬಿಕೆಯು ಹಳ್ಳಿಗಳಲ್ಲಿ ಇಂದಿಗೂ ಉಂಟು. ಹಾವು ಕಡಿದವನನ್ನು ಉಳಿಸತಕ್ಕದ್ದು ಆಸ್ಪತ್ರೆಯ ಪ್ರತಿವಿಷವೇ ಹೊರತು ಯಾವ ಜಾತಿಯ ತುಂಬೆಯೂ ಅಲ್ಲವೆಂಬುದನ್ನು ಇಂಥ ಗ್ರಂಥಗಳನ್ನು ಪಾಠ ಹೇಳುವವರು ಜೊತೆಯಲ್ಲಿಯೇ ಹೇಳುವುದು ಅಗತ್ಯ.

ಆದುದರಿಂದ ವೈದ್ಯಗ್ರಂಥದ ಸಂಪಾದಕನು ತುಂಬೆಗೆ ಟಿಪ್ಪಣಿ ಬರೆಯುವಾಗ ಗ್ರಂಥವು ಯಾವ ಸೀಮೆಯಲ್ಲಿ ಹುಟ್ಟಿತು, ಮೂಲವು ಸಂಸ್ಕೃತವೋ ಕನ್ನಡವೋ, ಹೆಸರಿಗೆ ಕರಿ, ಕತ್ತೆ ಮೊದಲಾದ ಪೂರ್ವಪದ ಸೇರಿದೆಯೋ ಎಂಬುದನ್ನು ನೋಡಿ, ಜಾತಿಯನ್ನು ನಿರ್ಣಯಿಸಲಾರದ ಕಡೆ ಗಣದ ಹೆಸರಾದ ಲ್ಯೂಕಾಸ್ ಎಂಬುದನ್ನು ಮಾತ್ರ ಕೊಟ್ಟು ನಿಲ್ಲಿಸುವುದು ಪ್ರಾಮಾಣಿಕವಾದ ಕ್ರಮ. ಸ್ಥಳೀಯ ವೈದ್ಯರಿಂದ ಗಿಡವನ್ನು ಪಡೆಯುವುದಾದರೆ ಹೂವನ್ನಲ್ಲ, ಬುಡದಿಂದ ತುದಿಯವರೆಗೆ ಇಡೀ ಗಿಡವನ್ನು, ಚೆಂಡುಗಳು ಹಸಿಯಾಗಿರುವಾಗಲೇ ಪಡೆಯಬೇಕು. ಒಂದು ಚೆಂಡಿನಿಂದ ಬಿಳಿಯ ಹೂಗಳನ್ನೆಲ್ಲ ಎಳೆದುಹಾಕಿ, ಒಂದು ಪಾತ್ರೆಯನ್ನು ಜಾಲಿಯ ಮುಳ್ಳಿನಿಂದ ಉದ್ದಕ್ಕೆ ಸೀಳಿ, ಬಾಯಿಯ ಓರೆ, ಮೇಲಂಚಿನ ಉದ್ದ, ಹಲ್ಲುಗಳ ರೂಪ, ಕೊಳವೆಯ ಕೂದಲು, ಪಕ್ಕದ ಉಪಪತ್ರದ ಅಗಲ ಇವಿಷ್ಟನ್ನು ಬರೆದಿಟ್ಟುಕೊಂಡರೆ, ಗಿಡವು ಒಣಗಿ ಪುಡಿಯಾದ ಮೇಲೂ ಆ ಬರಹದಿಂದ ಅದರ ಜಾತಿಯನ್ನು ಹೇಳಬಹುದು.